ಪುಕ್ಕಲು ಕಾರಿನ ಫಿಟ್ನೆಸ್ ಪರೀಕ್ಷೆ

"ಅಲ್ಲೇ ನಿಂದರ್ರಿ! ಅಲುಗಾಡಬ್ಯಾಡ್ರಿ!"

ಪ್ರಮೀಳಾ ಅತ್ತೆ ಕಾರಿನೊಳಗಿಂದ ಕೂಗಿದರು. ಅವರ ಗಂಡ ವಾಮನ ಮಾಮಾ ಅಂಗಳದ ನಡುವೆ ಕಂಬದಂತೆ ನಿಂತಿದ್ದರು. ಅರವತ್ತೈದು ವರ್ಷದ ಕಾರು ಗುರ್ರೆಂದು ಅವರತ್ತ ನುಗ್ಗಿತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅದು ಮಾಮಾನ ಹೊಟ್ಟೆಗೆ ಒಂದು ಗೇಣು ದೂರದಲ್ಲಿ ನಿಂತು ಗಡಗಡ ನಡುಗುತ್ತಿತ್ತು. ಮಾಮಾನೂ ಅಷ್ಟೇ.

"ನೋಡಿದ್ರೇನು? ಬ್ರೇಕ್ ನಾ ಮುಟ್ಟೇ ಇಲ್ಲ! ಗಾಡಿಗೆ ಭಯಾ ಕಲಿಸೇನಿ!"

ಅತ್ತೆ ಧಾರವಾಡದಲ್ಲಿ ಭೌತವಿಜ್ಞಾನ ಕಲಿಸಿ ನಿವೃತ್ತರಾದವರು. ಕಾರು ಅವರ ಅಪ್ಪನದು. ಬ್ರೇಕು ಮೂರು ಸಲ ತುಳಿದರೆ ಒಮ್ಮೆ ಹಿಡಿಯುತ್ತಿತ್ತು. ಎಡಕ್ಕೆ ತಿರುಗಿದರೆ ಹಿಂದಿನ ಬಲಬಾಗಿಲು ತಾನೇ ತೆರೆದುಕೊಳ್ಳುತ್ತಿತ್ತು. ಎರಡು ಸಲ ಫಿಟ್ನೆಸ್ ಪರೀಕ್ಷೆಯಲ್ಲಿ ಫೇಲಾಗಿತ್ತು. ಇವತ್ತೂ ಫೇಲಾದರೆ ಗುಜರಿಗೆ ಹಾಕುವುದೆಂದು ಮಾಮಾ ಮಾತು ತೆಗೆದುಕೊಂಡಿದ್ದರು. ಅದಕ್ಕೇ ಅತ್ತೆ ಬಾನೆಟ್ಟಿನಡಿ ಭಯಯಂತ್ರ ಕೂರಿಸಿದ್ದು. ಅಪಾಯ ಕಂಡರೆ ಕಾರೇ ಹೆದರಿ ನಿಲ್ಲಬೇಕು!

ಪರೀಕ್ಷೆಗೆ ಹೊರಟಾಗ ಬಾಗಿಲಿಗೆ ಕಟ್ಟಿದ ಹಗ್ಗ ಹಿಡಿದು ನಾನು ಹಿಂದೆ ಕೂತೆ. ಮಾಮಾ ನಂಬಿಕೆಯಿಲ್ಲದೆ ಸ್ಕೂಟರಿನಲ್ಲಿ ಹಿಂಬಾಲಿಸಿದರು.

ಕಾರು ಎಮ್ಮೆ ಕಂಡು ನಿಂತಿತು. ರೋಡ್ ಹಂಪ್ ಕಂಡು ನಿಂತಿತು. ಆಮೇಲೆ ಸೋಡಾ ಅಂಗಡಿ ಕಂಡೂ ನಿಂತಿತು!

"ಭಯಾ ಸ್ವಲ್ಪ ಜಾಸ್ತಿ ಆಗೇದ," ಎಂದರು ಅತ್ತೆ.

"ಯಂತ್ರಾ ಕಿತ್ತು ಒಗಿ!" ಮಾಮಾ ಹಿಂದಿನಿಂದ ಒದರಿದರು.

"ಕಿತ್ತರ ಬ್ರೇಕ್ ಎಲ್ಲಿಂದ ತರ್ಲಿ? ಐದಕ್ಕ ಅಲ್ಲಿ ಬಾಗಲಾ ಹಾಕ್ತಾರ!"

ಸಿಟ್ಟಿನಿಂದ ಅತ್ತೆ ಹಾರ್ನ್ ಒತ್ತಿದರು. ತನ್ನದೇ ಹಾರ್ನಿಗೆ ಬೆಚ್ಚಿದ ಕಾರು ಹಿಂದಕ್ಕೆ ಓಡತೊಡಗಿತು! ಮಾಮಾ ಗಾಬರಿಯಾಗಿ ಸ್ಕೂಟರಿನ ಹಾರ್ನ್ ಬಾರಿಸಿದರು. ಕಾರು ಚಂಗನೆ ಮುಂದಕ್ಕೆ ಜಿಗಿಯಿತು.

"ಹಾಂ! ಹಿಂಗಽ ಹಾರ್ನ್ ಹೊಡಕೋತ ಬರ್ರಿ!"

"ಇದನ್ನ ಗುಜರಿಗೆ ಹಾಕು ಅಂದಾಂವ ನಾನು!"

"ಹಂಗಾರ ನಾ ಮನಿಗೆ ಬರಂಗಿಲ್ಲ, ಇಲ್ಲೇ ನಡುರಸ್ತಾದಾಗ ಒಲಿ ಹೂಡ್ತೀನಿ!"

ಮಾಮಾ ಮೂರು ಮೈಲಿ ಹಾರ್ನ್ ಹೊಡೆದರು. ಐದಕ್ಕೆ ಹತ್ತು ನಿಮಿಷವಿರುವಾಗ ಪರೀಕ್ಷೆಯ ಮೈದಾನ ಮುಟ್ಟಿದೆವು. ಇನ್ಸ್‌ಪೆಕ್ಟರ್ ಹೊಸಮನಿಯವರು ಕೈ ಚಾಚಿದ್ದೇ ತಡ, ಕಾರು ಗಕ್ಕನೆ ನಿಂತಿತು.

"ಭೇಷ್! ಬ್ರೇಕ್ ಅಂದ್ರ ಇದು!"

ಅತ್ತೆ ಹೆಮ್ಮೆಯಿಂದ ಇಳಿದರು, ನಾನೂ ಇಳಿದೆ. ಅಷ್ಟರಲ್ಲಿ ಹೊಸಮನಿಯವರು ಸೀನಿದರು. ಕಾರು ತಾನೊಂದೇ ಓಡಿಹೋಗಿ ಟಿಪ್ಪರ್ ಲಾರಿಯ ಹಿಂದೆ ಅಡಗಿಕೊಂಡಿತು.

"ಆಯಿಲ್ ಸೋರಾಕತ್ತೇದಲ್ರಿ!" ಎಂದರು ಅವರು.

"ಅಂಜಿದ ಕೂಸು ಏನ್ ಮಾಡ್ತದ್ರಿ, ಸಾಹೇಬ್ರ?"

"ಐದರೊಳಗ ಹೊರಗ ತರ್ರಿ. ಇಲ್ಲಾಂದ್ರ ಫೇಲು."

ಅತ್ತೆ ಎಳೆದರು, ಗದರಿದರು, ಕೊನೆಗೆ ಬಂಪರ್ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡರು. ಅದನ್ನು ನೋಡಲಾರದೆ ಮಾಮಾ ಸ್ಕೂಟರ್ ನಿಲ್ಲಿಸಿ ಬಂದರು. ಎಂದೂ ಮುಟ್ಟದಿದ್ದ ಕಾರಿನ ಬಾನೆಟ್ಟು ಮೆಲ್ಲಗೆ ಸವರಿದರು.

"ಅಂಜಬ್ಯಾಡ, ಬಾ. ನಾ ಇದ್ದೇನಿ."

ಕಾರು ಒಂದು ದೀಪ ಹಚ್ಚಿ ನೋಡಿತು. ಆಮೇಲೆ ಇನ್ನೊಂದು. ಕರುವಿನಂತೆ ಮಾಮಾನ ಹಿಂದೆಯೇ ಹೊರಬಂತು. ಹೊಸಮನಿಯವರು ಗಡಿಯಾರ ನೋಡಿ ಪಾಸಿನ ಕಾಗದಕ್ಕೆ ಸಹಿ ಹಾಕಿದರು.

ಈಗ ಮಾಮಾ ಕಾಯಿಪಲ್ಲೆ ತರಲು ನಡೆದು ಹೊರಟರೂ ಕಾರು ಹಿಂದೆ ಹಿಂದೆ ಹೋಗುತ್ತದೆ. ಬೇರೆ ಯಾರು ಕೂತರೂ ಕದಲುವುದಿಲ್ಲ.

ಅತ್ತೆ ಬಸ್ಸಿನಲ್ಲಿ ಓಡಾಡುತ್ತಾರೆ.