ಎರಡು ಎಡತೋಳು

ಸ್ಟೂಲಿಗೆ ಕಾಲು ಕೂರಿಸುವವನಿಗೆ ಅಂಗಿಗೆ ತೋಳು ಕೂರಿಸುವುದು ಯಾವ ಮಹಾ ವಿದ್ಯೆ?

ಈ ಪ್ರಶ್ನೆಯನ್ನು ಮೇಸ್ತ್ರಿ ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಕಡಿಮೆಯೆಂದರೂ ಇನ್ನೂರು ಸಲ ಕೇಳಿದ್ದ. ಮನೆಯ ಹಿಂದಿನ ಕೋಣೆ ಅವನ ಮರಗೆಲಸಕ್ಕೆ, ಮುಂದಿನ ಕೋಣೆ ಹೆಂಡತಿಯ ಹೊಲಿಗೆಗೆ. ಊರಿಗೆಲ್ಲ ಟೈಲರಮ್ಮ ಎನಿಸಿಕೊಂಡ ಅವಳ ಉತ್ತರವೂ ಇನ್ನೂರು ಸಲ ಒಂದೇ: "ನೀವು ನಿಮ್ಮ ಉಳಿ ನೋಡ್ಕೊಳ್ಳಿ."

ಆ ಮಧ್ಯಾಹ್ನ ಉತ್ತರ ಕೊಡಲು ಅವಳು ಮನೆಯಲ್ಲಿರಲಿಲ್ಲ. ಹತ್ತು ದಿನದ ಹಿಂದೆ ಬಲಗೈ ಮಣಿಕಟ್ಟು ಉಳುಕಿ ಹಾಕಿಸಿಕೊಂಡಿದ್ದ ಕಟ್ಟನ್ನು ಬಿಚ್ಚಿಸಲು ಆಸ್ಪತ್ರೆಗೆ ಹೊರಟಿದ್ದಳು. ಹೊಸ್ತಿಲು ದಾಟುವಾಗ, "ಐದು ಗಂಟೆಗೆ ಹೆಡ್ ಮಿಸ್ ಬಟ್ಟೆಗೆ ಬರ್ತಾರೆ. ನಾನು ಬರೋದು ತಡವಾದ್ರೆ ಕೂರಿಸಿ, ನೀರು ಕೊಡಿ. ಏನನ್ನೂ ಮುಟ್ಟಬೇಡಿ," ಎಂದಳು.

ಮೇಸ್ತ್ರಿಯ ಮನಸ್ಸಿಗೆ ಮೊದಲ ಮಾತು ನಾಟಿತು. ಕೊನೆಯದು ಅಲ್ಲೇ ಹೊಸ್ತಿಲ ಮೇಲೆ ಉಳಿಯಿತು.

ಹೆಡ್ ಮಿಸ್ ಮಾರನೆಯ ದಿನ ನಿವೃತ್ತರಾಗುವವರು. ಮೂವತ್ತು ವರ್ಷ ಗದರಿಸಿ ಬೆಳೆಸಿದ ಶಾಲೆಯ ವೇದಿಕೆಯ ಮೇಲೆ ಹೊಸ ಗೌನು ತೊಟ್ಟು ಕೂರುವವರು. ಟೈಲರಮ್ಮನಾದರೋ ಹೇಳಿದ ದಿನ ತಪ್ಪಿಸಿದವಳೇ ಅಲ್ಲ, ಅವಳ ಹೆಸರೆಲ್ಲ ನಿಂತಿದ್ದೇ ಅದರ ಮೇಲೆ. ಹತ್ತು ದಿನದಿಂದ ಹೊಲಿಗೆ ಮೆಷಿನ್ನಿನ ಮೇಲೆ ಹೊದಿಸಿದ ಬಟ್ಟೆ ಹಾಗೇ ಇದೆ. ಅಂದಮೇಲೆ ಗೌನು ಎಲ್ಲಿಂದ ಬರಬೇಕು? ಪಾಪ, ಅಭಿಮಾನದ ಹೆಂಗಸು, ಬಾಯಿಬಿಟ್ಟು ಹೇಳಿಲ್ಲ ಅಷ್ಟೆ. ಹೆಂಡತಿಯ ಮಾನ ಕಾಪಾಡುವ ಭಾರ ತನ್ನ ಹೆಗಲಿಗೇ ಬಿತ್ತೆಂದು ಮೇಸ್ತ್ರಿ ಲುಂಗಿ ಎತ್ತಿ ಕಟ್ಟಿದ.

ಆರ್ಡರ್ ಪುಸ್ತಕದಲ್ಲಿ ಹೆಡ್ ಮಿಸ್ ಪುಟ ಸಿಕ್ಕಿತು. ಅಳತೆಗಳ ಕೆಳಗೆ "ದುಂಡು ಕುತ್ತಿಗೆ, ಪಫ್ ತೋಳು" ಎಂದು ಬರೆದು, ಪಕ್ಕದಲ್ಲಿ ಬಟ್ಟೆಯ ಚೂರೊಂದನ್ನು ಗುಂಡುಪಿನ್ನಿನಿಂದ ಚುಚ್ಚಿತ್ತು. ನೀಲಿಯ ಮೇಲೆ ಬಿಳಿ ಚುಕ್ಕಿ. ಕಪಾಟಿನ ಕೆಳಗಿನ ಖಾನೆಯಲ್ಲಿ ಅದೇ ನೀಲಿ, ಅದೇ ಚುಕ್ಕಿ, ಮಡಿಕೆ ಕೂಡ ಬಿಚ್ಚದೆ ಮಲಗಿತ್ತು. ಇನ್ನೇನು ಸಾಕ್ಷಿ ಬೇಕು?

ಕುತ್ತಿಗೆಯಿಂದ ಶುರುಮಾಡಿದ. ಮೊದಲು ಕಮ್ಮಿ ಕೊಯ್ದು ಆಮೇಲೆ ಉಜ್ಜಿ ಉಜ್ಜಿ ಸರಿಮಾಡುವುದು ಅವನ ಕಸುಬಿನ ಧರ್ಮ. ಹಾಗಾಗಿ ಕುತ್ತಿಗೆಯನ್ನು ಚಿಕ್ಕದಾಗಿಯೇ ಕತ್ತರಿಸಿದ. ಎಡಕ್ಕೆ ಕೊಂಚ ಉಬ್ಬಿದಂತೆ ಕಂಡಿತು, ಅಲ್ಲಿ ಸ್ವಲ್ಪ ತೆಗೆದ. ಈಗ ಬಲಗಡೆ ಉಬ್ಬಿತು, ಅಲ್ಲೂ ತೆಗೆದ. ಕುಂಟುವ ಸ್ಟೂಲಿನ ಕಾಲು ಸಮಮಾಡಿ ರೂಢಿಯಾದವನಿಗೆ ಕೈ ನಿಲ್ಲುವುದು ಕಷ್ಟ. ಹೆಂಡತಿ ಗೋಡೆಗೆ ಅಂಟಿಸಿದ್ದ ಕುತ್ತಿಗೆಗಳ ಚಿತ್ರಪಟದಲ್ಲಿ ದುಂಡು ಇತ್ತು, ಚೌಕ ಇತ್ತು, ಹೆಗಲಿಂದ ಹೆಗಲಿಗೆ ಹೋಗುವ ಬೋಟ್ ನೆಕ್ ಇತ್ತು. ಮೇಸ್ತ್ರಿಯ ಕುತ್ತಿಗೆ ಅವೆಲ್ಲವನ್ನೂ ದಾಟಿ ಗೋಡೆಯಲ್ಲೇ ಇಲ್ಲದ ಆಕಾರಕ್ಕೆ ಬಂದು ನಿಂತಿತು. ಅದರೊಳಗೆ ಹೆಡ್ ಮಿಸ್ ಜೊತೆ ಅಸಿಸ್ಟೆಂಟ್ ಮಿಸ್ಸೂ ತೂರಬಹುದಿತ್ತು. ಇರಲಿ, ಸೆಕೆಗಾಲಕ್ಕೆ ಗಾಳಿಯಾಡುತ್ತದೆ ಎಂದುಕೊಂಡ.

ತೋಳಿನ ವಿಷಯದಲ್ಲಿ ಅನುಮಾನವೇ ಇರಲಿಲ್ಲ. ಸ್ಟೂಲಿನ ಒಂದು ಕಾಲು ಕೆತ್ತಿ, ಅದನ್ನೇ ಅಚ್ಚಾಗಿಟ್ಟು ಉಳಿದ ಮೂರನ್ನು ಕೆತ್ತುವುದು ಅವನ ಪದ್ಧತಿ. ಒಂದು ತೋಳು ಕತ್ತರಿಸಿದ, ಅದನ್ನು ಬಟ್ಟೆಯ ಮೇಲಿಟ್ಟು ಇನ್ನೊಂದನ್ನು ಕತ್ತರಿಸಿದ. ಕೂದಲೆಳೆಯ ವ್ಯತ್ಯಾಸವಿಲ್ಲ. ದೊಡ್ಡ ದೊಡ್ಡ ಹೊಲಿಗೆ ಹಾಕಿ ಎಲ್ಲವನ್ನೂ ಜೋಡಿಸಿ, ಹೆಡ್ ಮಿಸ್ ಮೈಕಟ್ಟೂ ತನ್ನದೂ ಹೆಚ್ಚುಕಮ್ಮಿ ಒಂದೇ ಅನ್ನಿಸಿ, ತಾನೇ ತೊಟ್ಟು ನೋಡಿದ.

ಎಡಗೈ ಸಲೀಸಾಗಿ ಹೋಯಿತು. ಬಲಗೈ ಹೋದದ್ದೇ ತೋಳು ಗಿರಕಿ ಹೊಡೆದು ಕಂಕುಳನ್ನು ಕಚ್ಚಿಕೊಂಡಿತು. ಕನ್ನಡಿ ಮುಂದೆ ನಿಂತು ಹಿಂದೆ ಮುಂದೆ ತಿರುಗಿದಾಗ ಬೆಳಕು ಹರಿಯಿತು. ಎರಡೂ ಎಡತೋಳು. ಒಂದನ್ನು ಮಗುಚಿ ಹಾಕೋಣವೆಂದರೆ ಚುಕ್ಕಿಗಳಿದ್ದದ್ದು ಬಟ್ಟೆಯ ಒಂದೇ ಮೈಗೆ. ಬೇರೆ ಕತ್ತರಿಸೋಣವೆಂದರೆ ಉಳಿದದ್ದು ಮೂಗು ಒರೆಸುವಷ್ಟು ಬಟ್ಟೆ.

ಮೇಸ್ತ್ರಿ ನಿಜಕ್ಕೂ ಹೆದರಿದ. ಇಪ್ಪತ್ತೆರಡು ವರ್ಷ ಅವಳು ಒಂದೊಂದೇ ಹೊಲಿಗೆ ಹಾಕಿ ಸಂಪಾದಿಸಿದ ಹೆಸರನ್ನು ತಾನು ಮೂರು ಗಂಟೆಯಲ್ಲಿ ಕತ್ತರಿಸಿ ಹಾಕಿದ್ದ. ಕಳಚಲು ಹೋದರೆ ಗೌನು ಕಂಕುಳು ಬಿಡದು. ಅಷ್ಟರಲ್ಲಿ ಬಾಗಿಲು ತೆರೆಯಿತು.

"ಅದೇನ್ರೀ ಈ ವೇಷ?"

"ತಪ್ಪಾಯ್ತು ಕಣೇ," ಎಂದ ಮೇಸ್ತ್ರಿ. ಅವನ ಬಾಯಿಂದ ಈ ಮಾತು ಬರುವುದು ಅಪರೂಪ. "ಹೆಡ್ ಮಿಸ್ ಗೌನು... ನಿನಗೆ ಸಹಾಯ ಆಗ್ಲಿ ಅಂತ... ಎಲ್ಲಾ ಹಾಳು ಮಾಡ್ಬಿಟ್ಟೆ."

ಟೈಲರಮ್ಮ ಅವನನ್ನು ಸುತ್ತು ಹಾಕಿ ನೋಡಿದಳು.

"ಬಟ್ಟೆ ಯಾವ ಖಾನೆಯಿಂದ ತಗೊಂಡ್ರಿ?"

"ಕೆಳಗಿಂದು."

ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು. ತಲೆ ಸುತ್ತು ಬಂತೇನೋ ಎಂದು ಮೇಸ್ತ್ರಿ ನೀರು ತರಲು ಓಡಿದ. ತಿರುಗಿ ಬರುವಷ್ಟರಲ್ಲಿ ಅವಳು ಚೀಲದಿಂದ ನೀಲಿ ಗೌನೊಂದನ್ನು ತೆಗೆದು ಕೊಡವುತ್ತಿದ್ದಳು. ದುಂಡು ಕುತ್ತಿಗೆ, ಪಫ್ ತೋಳು, ಒಂದು ಎಡ, ಒಂದು ಬಲ.

"ಕೈ ಉಳುಕಿದ ದಿನವೇ ತಂಗಿಗೆ ಹೊಲಿಯೋಕೆ ಕೊಟ್ಟಿದ್ದೆ. ಈಗ ಅವಳ ಮನೆಯಿಂದಲೇ ತಂದೆ."

ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು. ತುಂಬಿದ ಲೋಟವನ್ನು ತಾನೇ ಗಟಗಟ ಕುಡಿದ. ಐದಕ್ಕೆ ಸರಿಯಾಗಿ ಬಂದ ಹೆಡ್ ಮಿಸ್ ತಮ್ಮ ಗೌನನ್ನು ಕಣ್ತುಂಬ ನೋಡಿದರು. ಆಮೇಲೆ ಮೂಲೆಯಲ್ಲಿ ಮುದುಡಿ ನಿಂತಿದ್ದ ಇನ್ನೊಂದು ಗೌನನ್ನೂ ನೋಡಿದರು.

"ಮೇಸ್ತ್ರಿ, ನಾಳೆ ತಪ್ಪದೆ ಬನ್ನಿ. ಶಾಲೆ ಬೆಂಚೆಲ್ಲ ನಿಮ್ಮ ಕೈಯಿಂದಾಗಿದ್ದು. ವೇದಿಕೆ ಮೇಲೆ ನಿಮಗೂ ಕುರ್ಚಿ ಹಾಕಿಸಿದೀನಿ," ಎಂದು ಹೊರಟವರು ಬಾಗಿಲಲ್ಲಿ ನಿಂತು, "ಇದನ್ನ ಮಾತ್ರ ಹಾಕ್ಕೊಂಡು ಬರಬೇಡಿ," ಎಂದರು.

ಅವರು ಹೋದಮೇಲೆ ಟೈಲರಮ್ಮ ಒಂದೊಂದೇ ಹೊಲಿಗೆ ಬಿಚ್ಚಿ ಗಂಡನನ್ನು ಬಿಡಿಸತೊಡಗಿದಳು.

"ಹಾಗಾದ್ರೆ ಇದು ಯಾರ ಬಟ್ಟೆ ಕಣೇ?"

"ನಿಮ್ಮದೇ. ಕುರ್ಚಿ ವಿಷಯ ಹೆಡ್ ಮಿಸ್ ನನಗೆ ಮೊದಲೇ ಹೇಳಿದ್ರು. ವೇದಿಕೆ ಮೇಲೆ ಕೂರೋರು, ಹೊಸ ಅಂಗಿ ಇರಲಿ ಅಂತ ಅದೇ ಥಾನಿನ ಕೊನೇ ತುಂಡು ತಂದಿಟ್ಟಿದ್ದೆ. ಕಟ್ಟು ಬಿಚ್ಚಿದ ಮೇಲೆ ಇವತ್ತು ನಾನೇ ಹೊಲಿಯೋಣ ಅಂತಿದ್ದೆ."

ಹಾಳಾದದ್ದು ತನ್ನ ಅಂಗಿಯೆಂದು ಗೊತ್ತಾಗಿ ಮೇಸ್ತ್ರಿಗೆ ಇನ್ನೂ ಹಗುರವಾಯಿತು. ಮಾರನೆಯ ದಿನ ಹಳೇ ಅಂಗಿಯಲ್ಲೇ ಹೋಗಿ ವೇದಿಕೆಯ ಮೇಲೆ ನಗುನಗುತ್ತಾ ಕೂತು ಬಂದ. ಬಂದು ನೋಡಿದರೆ ಅವನು ಕೆಲಸಕ್ಕೆ ಕೂರುವ ಸ್ಟೂಲಿಗೆ ನೀಲಿಯ ಮೇಲೆ ಬಿಳಿ ಚುಕ್ಕಿಯ ಹೊಸ ಗವಸು.

"ಎಷ್ಟು ಚೆನ್ನಾಗಿ ಕೂತಿದೆಯಲ್ಲೇ," ಎಂದ.

"ಕೂರದೆ ಏನು? ಸ್ಟೂಲಿಗೆ ಎಡ ಬಲ ಇಲ್ವಲ್ಲ," ಎಂದಳು ಟೈಲರಮ್ಮ. "ನೀವು ನಿಮ್ಮ ಉಳಿ ನೋಡ್ಕೊಳ್ಳಿ."

ಇನ್ನೂರ ಒಂದನೆಯ ಸಲ ಕೇಳಿದ ಆ ಮಾತಿಗೆ ಮೇಸ್ತ್ರಿ ಮೊದಲ ಸಲ, "ಆಗ್ಲಿ ಕಣೇ," ಎಂದ.