ಪ್ರಾಗ್‌ನಲ್ಲಿ ನನ್ನ ಹಿಂದೆ ಬಂದವರು

ಗೈಡ್ ಎತ್ತಿ ಹಿಡಿದ ಕೊಡೆಯ ಹಿಂದೆ ಕುರಿಮಂದೆಯಂತೆ ತಿರುಗುವ ಜಾಯಮಾನ ನನ್ನದಲ್ಲ. ಪ್ರವಾಸಕ್ಕೆ ಹೊರಡುವ ಮೊದಲೇ ಸತ್ಯನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಹೀಗೆಂದು ಸಾರಿಬಿಟ್ಟಿದ್ದೆ. ಇಪ್ಪತ್ತೆರಡು ವರ್ಷದಿಂದ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಘಟಕ ನಡೆಸುತ್ತಿರುವ ಸಂಗಮೇಶ, ಮೂವತ್ತು ಜನ ಟೈಲರ್‌ಗಳನ್ನು ಅಂಕೆಯಲ್ಲಿಟ್ಟುಕೊಂಡ ಸಂಗಮೇಶ, ಪ್ರಾಗ್ ಎಂಬ ಒಂದು ರಾಜಧಾನಿಯನ್ನು ತನ್ನ ಕಾಲ ಮೇಲೆ ತಾನು ನಿಂತು ನೋಡಲಾರನೇ? ಅಷ್ಟೇ ಅಲ್ಲ, ಕುರುಗೋಡಿನಲ್ಲಿರುವ ನನ್ನ ಅಕ್ಕ ಚನ್ನಬಸಮ್ಮನಿಗೆ ನಾನೇ ಗೈಡಾಗಿ, ವಿಡಿಯೊ ಕಾಲ್‌ನಲ್ಲಿ ಇಡೀ ಊರು ತೋರಿಸುತ್ತೇನೆಂದು ಮಾತನ್ನೂ ಕೊಟ್ಟಿದ್ದೆ.

ನನ್ನ ಹೆಂಡತಿ ದಾಕ್ಷಾಯಣಿ ಸೂಟ್‌ಕೇಸಿಗೆ ಶೇಂಗಾ ಚಟ್ನಿಪುಡಿಯ ಪೊಟ್ಟಣ ತುರುಕುತ್ತ ಇದನ್ನೆಲ್ಲ ಕೇಳಿಸಿಕೊಂಡಳು. "ಸಿರುಗುಪ್ಪ ಬಸ್‌ಸ್ಟ್ಯಾಂಡಿನಾಗ ಚಾ ಕುಡ್ದು ಬರ್ತೀನಿ ಅಂತ ಹೋಗಿ ಆದೋನಿ ಬಸ್ಸಿನಾಗ ಕುಂತಿದ್ರಿ ನೀವು" ಎಂದಳು. ಅದು ಹಳೆಯ ಕಥೆ. ಆಂಧ್ರದ ಬಸ್ಸು, ಬೋರ್ಡು ತೆಲುಗಿನಲ್ಲಿತ್ತು. ನನಗೆ ತೆಲುಗು ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಇದರಲ್ಲಿ ನನ್ನ ತಪ್ಪೇನಿದೆ?

ನಾವು ಪ್ರಾಗ್ ತಲುಪಿದ್ದು ಅಕ್ಟೋಬರ್ ಕೊನೆಗೆ. ಬೆಳಿಗ್ಗೆ ಹತ್ತಾದರೂ ಸೂರ್ಯನಿಲ್ಲ. ಮಂಜು ಗೋಪುರಗಳ ಅರ್ಧವನ್ನು ನುಂಗಿ, ಬೀದಿಗೆ ಇಳಿದು, ಮನುಷ್ಯರ ಮೊಣಕಾಲಿನ ಹತ್ತಿರ ಸುಳಿದಾಡುತ್ತಿತ್ತು. ನಮ್ಮ ತಂಡದಲ್ಲಿ ಇಪ್ಪತ್ತಾರು ಜನ. ಗೈಡ್ ಹಾನಾ ಎಂಬ ಆ ಊರಿನ ಹೆಣ್ಣುಮಗಳು. ಅವಳು ಪ್ರತಿಯೊಬ್ಬರ ಕೊರಳಿಗೂ ಒಂದು ಪುಟ್ಟ ಯಂತ್ರ ತಗುಲಿಸಿ, ಕಿವಿಗೆ ಇಯರ್‌ಫೋನ್ ಕೊಟ್ಟಳು. ಎಷ್ಟೋ ಮುಂದಿದ್ದರೂ ಅವಳ ಪಿಸುಮಾತು ನಮ್ಮ ಕಿವಿಯೊಳಗೇ ಕೇಳುತ್ತಿತ್ತು. ತೀರ ದೂರವಾದರೆ ಮಾತ್ರ ಒಣಗಿದ ಎಲೆ ತುಳಿದಂತೆ ಸರಸರ ಸದ್ದಾಗಿ ಅಡಗುತ್ತಿತ್ತು. ಹೋಟೆಲಿನಲ್ಲಿ ಅವಳು ತಂಡಕ್ಕೆ ಎಲ್ಲರನ್ನೂ ಪರಿಚಯಿಸಿ ನಿಯಮ ಹೇಳುವ ಹೊತ್ತಿಗೆ ನಾನು ಹೊರಗೆ ನಿಂತು ದಾರಿಹೋಕರ ಪ್ಯಾಂಟಿನ ಹೊಲಿಗೆ ಪರೀಕ್ಷಿಸುತ್ತಿದ್ದೆ. ವೃತ್ತಿಯ ಚಟ.

ಮೊದಲು ಹಳೆಯ ಪೇಟೆಯ ಚೌಕದ ದೊಡ್ಡ ಗಡಿಯಾರ. ಅದರ ಪಕ್ಕದಲ್ಲಿ ಒಂದು ಅಸ್ಥಿಪಂಜರದ ಗೊಂಬೆ ನಿಂತಿದೆ. ಗಂಟೆಗೊಮ್ಮೆ ಅದು ಹಗ್ಗ ಜಗ್ಗಿ ಗಂಟೆ ಬಾರಿಸುತ್ತದೆ. ನಾನು ಅಕ್ಕನಿಗೆ ಕಾಲ್ ಹಚ್ಚಿದೆ. ಕುರುಗೋಡಿನಲ್ಲಿ ಮಧ್ಯಾಹ್ನ, ಊಟ ಮುಗಿಸಿದ ಅಕ್ಕ ಕಟ್ಟೆಯ ಮೇಲೆ ಕೂತಿದ್ದಳು. ನಾನು ಗಡಿಯಾರಕ್ಕೆ ಬೆನ್ನು ಮಾಡಿ, ಫೋನು ಎತ್ತಿ ಹಿಡಿದು, ಹಾನಾ ಹೇಳಿದ್ದಕ್ಕೆ ನನ್ನದೂ ಒಂದಿಷ್ಟು ಸೇರಿಸಿ ಇತಿಹಾಸ ಹೇಳತೊಡಗಿದೆ. ಗೊಂಬೆ ಗಂಟೆ ಬಾರಿಸಿತು. ಅಕ್ಕ ಗಡಿಯಾರವನ್ನು ನೋಡುತ್ತಿರಲಿಲ್ಲ.

"ತಮ್ಮಾ, ನಿನ್ನ ಹಿಂದ ನಿಂತಾವ ಯಾರು?"

ತಿರುಗಿದೆ. ನೂರಾರು ಪ್ರವಾಸಿಗರು. ಯಾವನೋ ಇರಬಹುದೆಂದು ಹೇಳಿ ಮುಂದೆ ನಡೆದೆ.

ಆಮೇಲೆ ನದಿಯ ಮೇಲಿನ ಕಲ್ಲಿನ ಸೇತುವೆ. ಎರಡೂ ಬದಿಗೆ ಸಾಲಾಗಿ ಸಂತರ ವಿಗ್ರಹಗಳು, ಮಂಜಿನಲ್ಲಿ ತಲೆಯಿಲ್ಲದವರಂತೆ ಕಾಣುತ್ತಿದ್ದವು. ಕೆಳಗೆ ನೀರಿತ್ತೋ ಇಲ್ಲವೋ, ಸದ್ದು ಮಾತ್ರ ಇತ್ತು. ಒಬ್ಬನ ಪ್ಯಾಂಟಿನ ಜೇಬಿಗೆ ಮೂರೆಳೆಯ ಹೊಲಿಗೆ ಕಂಡು ಅವನ ಹಿಂದೆ ನಾಲ್ಕು ಹೆಜ್ಜೆ ಹೋದದ್ದೇ ತಡ, ನಮ್ಮ ತಂಡ ಮಂಜಿನಲ್ಲಿ ಕರಗಿಹೋಯಿತು. ಕಿವಿಯಲ್ಲಿ ಸರಸರ. ಇದೇ ಸರಿಯಾದ ಸಮಯವೆಂದು ಮತ್ತೆ ಅಕ್ಕನಿಗೆ ಫೋನು ಹಚ್ಚಿದೆ.

ಈ ಸಲ ಅಕ್ಕನ ಮುಖ ಬಿಳಿಚಿತ್ತು. ಅದೇ ಮನುಷ್ಯ ಎಂದಳು. ಕಂದು ಕೋಟು, ಉಲನ್ ಟೊಪ್ಪಿಗೆ, ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು, ಕುತ್ತಿಗೆ ಎಡಕ್ಕೆ ವಾಲಿಸಿ ನಿನ್ನನ್ನೇ ನೋಡುತ್ತಿದ್ದಾನೆ ಎಂದಳು. ನಾನು ಗಕ್ಕನೆ ತಿರುಗಿದೆ. ವಿಗ್ರಹವೊಂದರ ಹಿಂದೆ ಕಂದು ಕೋಟಿನ ಅಂಚು ಸರಿದಂತಾಯಿತು. ಹೋಗಿ ನೋಡಿದರೆ ಒದ್ದೆ ಕಲ್ಲು, ಅಷ್ಟೇ.

"ಸಂಗಮೇಶಾ," ಅಕ್ಕನ ದನಿ ಬಹಳ ಸಣ್ಣಗಿತ್ತು, "ಅಪ್ಪ ಬಂದಾನಲೇ. ನೀ ಕಾಶಿಗೆ ಕರ್ಕೊಂಡು ಹೋಗ್ಲಿಲ್ಲ. ಈಗ ತಾನ ಬಂದಾನ."

ನಮ್ಮಪ್ಪ ತಿಪ್ಪೇರುದ್ರಪ್ಪ ತೀರಿಕೊಂಡು ಆರು ವರ್ಷ. ಬೇಸಿಗೆಯಲ್ಲೂ ಕಂದು ಕೋಟು, ಉಲನ್ ಟೊಪ್ಪಿಗೆ ಬಿಡದ ಮನುಷ್ಯ. ಕೈ ಬೆನ್ನಿಗೆ ಕಟ್ಟಿಕೊಂಡೇ ನಡೆಯುತ್ತಿದ್ದರು, ಕುತ್ತಿಗೆ ಎಡಕ್ಕೆ. ಕಾಶಿ ನೋಡಬೇಕೆಂದು ನಾಲ್ಕು ವರ್ಷ ಕೇಳಿದರು. ಈ ಸೀಸನ್ ಮುಗಿಯಲಿ ಅಪ್ಪಾ ಅನ್ನುತ್ತಿದ್ದೆ. ಸೀಸನ್ ಮುಗಿಯಲಿಲ್ಲ, ಅಪ್ಪ ಮುಗಿದರು. ಆ ಮಾತು ನಾನು ಯಾರ ಮುಂದೆಯೂ ಎತ್ತುವುದಿಲ್ಲ. ಯುರೋಪಿಗೆ ಹೊರಟಾಗಲೂ ಎತ್ತಿರಲಿಲ್ಲ.

ದಾಕ್ಷಾಯಣಿಗೆ ಏನೂ ಹೇಳಲಿಲ್ಲ. ಸೇತುವೆಯ ತುದಿಯಲ್ಲಿ ನನ್ನನ್ನು ಕಂಡ ಅವಳು, ಮುಖ ಯಾಕೆ ಹೀಗಾಗಿದೆ ಎಂದು ಕೇಳಿದಾಗ ಥಂಡಿ ಎಂದೆ. ಅವಳು ಒಂದು ಶಾಲು ಕೊಟ್ಟಳು.

ಮರುದಿನ ಬಸ್ಸಿನಲ್ಲಿ ಹಳ್ಳಿಗಾಡಿನ ಕಡೆ ಹೊರಟೆವು. ಕಿಟಕಿಯಾಚೆ ಉತ್ತು ಬಿಟ್ಟ ಕಪ್ಪು ಹೊಲಗಳು. ನಮ್ಮ ಬಳ್ಳಾರಿ ಪಕ್ಕದ ಕೊಳಗಲ್ಲಿನ ಎರೆಭೂಮಿಯ ಹಾಗೇ ಇದ್ದವು. ಆದರೆ ಒಬ್ಬ ಮನುಷ್ಯನಿಲ್ಲ, ಒಂದು ಎತ್ತಿಲ್ಲ. ಮಂಜಿನಲ್ಲಿ ಮರಗಳು ಒಂದೊಂದಾಗಿ ಎದ್ದು ಬಂದು ನಮ್ಮನ್ನು ನೋಡಿ ಹಿಂದೆ ಸರಿಯುತ್ತಿದ್ದವು. ಹಾಗೆ ಹೋಗಿ ನಿಂತದ್ದು ಎಲ್ಲಿ? ಮೂಳೆಗಳ ಚರ್ಚಿನಲ್ಲಿ!

ಸುಳ್ಳಲ್ಲ. ನಲವತ್ತು ಸಾವಿರ ಜನರ ಎಲುಬುಗಳಂತೆ. ಮೂಲೆಗಳಲ್ಲಿ ತಲೆಬುರುಡೆಗಳ ಗೋಪುರ, ನಡುವೆ ನೆತ್ತಿಯ ಮೇಲೆ ಎಲುಬಿನದೇ ತೂಗುದೀಪ. ಮನುಷ್ಯನ ಮೈಯ ಪ್ರತಿ ಎಲುಬೂ ಆ ದೀಪದಲ್ಲಿ ಒಂದಾದರೂ ಇದೆಯೆಂದು ಹಾನಾ ಕಿವಿಯಲ್ಲಿ ಪಿಸುಗುಟ್ಟಿದಳು. ಅಲ್ಲಿ ಫೋಟೊ ತೆಗೆಯುವಂತಿಲ್ಲ. ಫೋನು ಜೇಬಿನಲ್ಲಿತ್ತು. ಅಂದರೆ ನನ್ನ ಹಿಂದೆ ಯಾರಿದ್ದಾರೆಂದು ಹೇಳಲು ಅಕ್ಕನೂ ಇರಲಿಲ್ಲ.

ಗಾಜಿನ ಪೆಟ್ಟಿಗೆಯೊಂದರಲ್ಲಿ ಬುರುಡೆಗಳನ್ನಿಟ್ಟಿದ್ದರು. ಬಾಗಿ ನೋಡಿದೆ. ಗಾಜಿನಲ್ಲಿ ನನ್ನ ಮುಖ, ನನ್ನ ಭುಜದ ಹಿಂದೆ ಉಲನ್ ಟೊಪ್ಪಿಗೆ, ಎಡಕ್ಕೆ ವಾಲಿದ ಕುತ್ತಿಗೆ.

ತಿರುಗಲು ಧೈರ್ಯವಾಗಲಿಲ್ಲ. ಆಗ ಕೆಮ್ಮು ಕೇಳಿಸಿತು. ಒಂದು, ಸ್ವಲ್ಪ ತಡೆದು ಇನ್ನೊಂದು. ಅಪ್ಪ ಪಡಸಾಲೆಗೆ ಬರುವ ಮುಂಚೆ ಸೊಸೆಗೆ ಸೂಚನೆ ಕೊಡಲು ಹೀಗೆಯೇ ಕೆಮ್ಮುತ್ತಿದ್ದರು. ನನ್ನ ಮೈಯಲ್ಲಿರುವ ಎಲ್ಲ ಎಲುಬುಗಳೂ ಆ ತೂಗುದೀಪಕ್ಕೆ ಹೋಗಿ ಸೇರಲು ತಯಾರಾದವು. ಮೆಟ್ಟಿಲು ಹತ್ತಿ ಹೊರಗೆ ಓಡಿದೆ.

ಸಮಾಧಿಗಳ ಸಾಲು ದಾಟಿದೆ, ಗೇಟು ದಾಟಿದೆ, ಎಡಕ್ಕೋ ಬಲಕ್ಕೋ ತಿರುಗಿದೆ. ಕಿವಿಯಲ್ಲಿ ಹಾನಾಳ ಮಾತು ತುಂಡಾಗಿ, ಸರಸರವಾಗಿ, ಇಲ್ಲವಾಯಿತು. ಮನೆಗಳೂ ಮುಗಿದವು. ಆ ಬದಿ ಈ ಬದಿ ಹೊಲ, ನಡುವೆ ಒಂದು ಸಣ್ಣ ದಾರಿ, ಹತ್ತು ಮಾರಿನ ಆಚೆ ಏನೂ ಕಾಣದು. ನಿಂತು ಉಸಿರು ತೆಗೆದುಕೊಂಡೆ. ಹಿಂದೆ ಹೆಜ್ಜೆ ಸದ್ದು. ನಡೆದೆ, ಅದೂ ನಡೆಯಿತು. ನಿಂತೆ, ಅದೂ ನಿಂತಿತು. ಐವತ್ನಾಲ್ಕು ವರ್ಷದ ನಾನು ಪರದೇಶದ ಹೊಲದಲ್ಲಿ ನಿಂತು ಅತ್ತೆ ಎಂದರೆ ನೀವು ನಗಬಹುದು. ನಗಿ. ಆ ಹೊತ್ತಿಗೆ ನನಗೆ ಸಾವಿನ ಭಯಕ್ಕಿಂತ, ಅಪ್ಪ ಎದುರು ಬಂದು "ಸೀಸನ್ ಮುಗೀತೇನಪ್ಪಾ?" ಎಂದು ಕೇಳಿದರೆ ಏನು ಹೇಳಲಿ ಎಂಬ ಭಯವಿತ್ತು.

ಅಕ್ಕನಿಗೆ ಫೋನು ಹಚ್ಚಿದೆ. ಅವಳು ಫೋನನ್ನು ಹಿಂದಕ್ಕೆ ತಿರುಗಿಸೆಂದಳು. ಕಣ್ಣು ಮುಚ್ಚಿ ತಿರುಗಿಸಿದೆ. ಅಕ್ಕ ನನ್ನ ಜೊತೆ ಮಾತಾಡಲಿಲ್ಲ.

"ಅಪ್ಪಾ," ಎಂದಳು, "ಆತಗ ಬುದ್ಧಿ ಕಮ್ಮಿ, ನಿನಗ ಗೊತ್ತೈತಲ್ಲ. ಅಂವ ಮರ್ತಿಲ್ಲಪ್ಪ. ದಿನಾ ನಿನ್ನ ಫೋಟೊದ ಮುಂದ ನಿಂತೇ ಕೆಲಸಕ್ಕ ಹೋಗ್ತಾನಂತ. ಬಿಟ್ಟುಬಿಡು."

ಹೆಜ್ಜೆಗಳು ಹತ್ತಿರವಾದವು. ನನ್ನ ಭುಜದ ಮೇಲೆ ಒಂದು ಕೈ ಬಿತ್ತು.

ಕೈ ಬೆಚ್ಚಗಿತ್ತು. ಜೊತೆಗೆ ಬೀರಿನ ವಾಸನೆ. ನಮ್ಮಪ್ಪ ಜನ್ಮದಲ್ಲಿ ಬೀರು ಮುಟ್ಟಿದವರಲ್ಲ. ಕಣ್ಣು ಬಿಟ್ಟೆ. ಎಪ್ಪತ್ತರ ಆಸುಪಾಸಿನ ಕೆಂಪು ಮೂಗಿನ ಮುದುಕ, ಏದುಸಿರು ಬಿಡುತ್ತ, ಹರಕು ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳಿದ. ಬಸ್ಸು ಈ ಕಡೆ ಅಲ್ಲ, ಆ ಕಡೆ. ದಯವಿಟ್ಟು ಓಡಬೇಡಿ, ನನ್ನ ಮೊಣಕಾಲು ನೋಯುತ್ತದೆ.

ಅವನ ಹೆಸರು ಮಿಲೋಶ್. ಟ್ರಾಮ್ ಓಡಿಸಿ ನಿವೃತ್ತನಾದವನು, ಗೈಡ್ ಹಾನಾಳ ತಂದೆ. ಮಗಳ ತಂಡದಲ್ಲಿ ಯಾರೂ ಹಿಂದುಳಿಯದಂತೆ ಬಾಲದಲ್ಲಿ ನಡೆಯುವುದು ಅವನ ಕೆಲಸ. ಮೊದಲ ದಿನ ಬೆಳಿಗ್ಗೆ ದಾಕ್ಷಾಯಣಿ ಹಾನಾಳನ್ನು ಪಕ್ಕಕ್ಕೆ ಕರೆದು, ಮಿಕ್ಕವರನ್ನು ದೇವರು ನೋಡಿಕೊಳ್ಳುತ್ತಾನೆ, ನಮ್ಮ ಮನೆಯವರೊಬ್ಬರನ್ನು ನೀವು ನೋಡಿಕೊಳ್ಳಿ, ಆದರೆ ಅವರಿಗೆ ತಿಳಿಯಬಾರದು, ತಿಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ ಎಂದಿದ್ದಳಂತೆ. ನಾನು ತಿರುಗಿದಾಗಲೆಲ್ಲ ಆ ಪುಣ್ಯಾತ್ಮ ಒಮ್ಮೆ ವಿಗ್ರಹದ ಹಿಂದೆ, ಒಮ್ಮೆ ಕಂಬದ ಹಿಂದೆ ಅವಿತುಕೊಂಡಿದ್ದು ನನ್ನ ಮರ್ಯಾದೆ ಉಳಿಸಲು! ಬಸ್ಸಿನಲ್ಲಿ ಅವನು ಕೂರುತ್ತಿದ್ದದ್ದು ಡ್ರೈವರನ ಪಕ್ಕದಲ್ಲಿ. ನಾನು ಹತ್ತುತ್ತಿದ್ದದ್ದು ನಡುವಿನ ಬಾಗಿಲಿನಿಂದ.

ಫೋನಿನಲ್ಲಿ ಅಕ್ಕ ಇನ್ನೂ ಇದ್ದಳು. ನಾನು ಎಲ್ಲ ವಿವರಿಸಿದೆ. ಅವಳು ಮುದುಕನ ಮುಖಕ್ಕೆ ಫೋನು ಹಿಡಿಯಲು ಹೇಳಿ ನೋಡಿದಳು.

"ಅಪ್ಪ ಅಲ್ಲ ಬಿಡು," ಎಂದಳು ಕೊನೆಗೆ. "ಪಾಪ, ವಯಸ್ಸಾದವ್ರು. ಊಟ ಆತೇನು ಕೇಳು."

ಕೇಳಿದೆ. ಆಗಿಲ್ಲವಂತೆ. ನನ್ನನ್ನು ಕಾಯುವುದರಲ್ಲಿ ಎರಡು ದಿನದಿಂದ ಮಧ್ಯಾಹ್ನದ ಊಟವೇ ತಪ್ಪಿದೆಯಂತೆ. ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಮಿಲೋಶ್ ಮತ್ತೆ ನನ್ನನ್ನು ನಂಬಲಿಲ್ಲ. ನನ್ನ ಕೈ ಹಿಡಿದುಕೊಂಡೇ ನಡೆದ. ಸಣ್ಣ ಹುಡುಗನನ್ನು ಶಾಲೆಗೆ ಒಯ್ಯುವ ಹಾಗೆ. ಬಿಡಿಸಿಕೊಳ್ಳಬಹುದಿತ್ತು. ಯಾಕೋ ಬಿಡಿಸಿಕೊಳ್ಳಲಿಲ್ಲ. ಮಂಜಿನಿಂದ ನಾವಿಬ್ಬರೂ ಕೈ ಕೈ ಹಿಡಿದು ಹೊರಬಂದಾಗ ಬಸ್ಸಿನ ಕಿಟಕಿಗಳಲ್ಲಿ ಇಪ್ಪತ್ತೈದು ಮುಖಗಳು ಸಾಲಾಗಿ ನೋಡುತ್ತಿದ್ದವು. ಯಾರೋ ಚಪ್ಪಾಳೆ ತಟ್ಟಿದರು. ದಾಕ್ಷಾಯಣಿ ಇಳಿದು ಬಂದು, ನನ್ನ ಕೆಂಪಾದ ಕಣ್ಣು ನೋಡಿ, ಬೈಯಲಿಲ್ಲ. ಮುದುಕನಿಗೆ ಚಪಾತಿಯ ಡಬ್ಬಿಯನ್ನೂ ಚಟ್ನಿಪುಡಿಯನ್ನೂ ಕೊಟ್ಟಳು. ಚಟ್ನಿಪುಡಿ ಬಾಯಿಗೆ ಹಾಕಿಕೊಂಡ ಮಿಲೋಶ್ ಎರಡಲ್ಲ, ಇಪ್ಪತ್ತು ಸಲ ಕೆಮ್ಮಿದ.

ಮರುದಿನ ಬೆಳಿಗ್ಗೆ ತಿಂಡಿಯ ಮೇಜಿನ ಬಳಿ ದಾಕ್ಷಾಯಣಿ ನನ್ನ ಕೊರಳಿಗೆ ದಾರ ಕಟ್ಟಿದ ಒಂದು ರಟ್ಟಿನ ಕಾರ್ಡು ಹಾಕಿದಳು. ಒಂದು ಬದಿಗೆ ಹಾನಾ ತನ್ನ ಭಾಷೆಯಲ್ಲಿ ಹೋಟೆಲಿನ ಹೆಸರು, ಫೋನ್ ನಂಬರು ಬರೆದಿದ್ದಳು. ಮಗುಚಿ ನೋಡಿದೆ. ಇನ್ನೊಂದು ಬದಿಗೆ ದಾಕ್ಷಾಯಣಿಯ ದುಂಡನೆಯ ಅಕ್ಷರ: "ಇದ್ದಲ್ಲೇ ನಿಂದರ್ರಿ. ನಾ ಬರ್ತೀನಿ."

ಇಡೀ ತಂಡದ ಮುಂದೆ ಉಳಿದಿದ್ದ ಅಷ್ಟಿಷ್ಟು ಗಾಂಭೀರ್ಯವನ್ನು ಒಟ್ಟುಮಾಡಿಕೊಂಡು ಕೇಳಿದೆ, "ಅಲ್ಲಬೇ, ಈ ದೇಶದಾಗ ಕನ್ನಡ ಓದಾವ್ರು ಯಾರದಾರ?"

ದಾಕ್ಷಾಯಣಿ ಗಂಟು ಬಿಗಿ ಮಾಡಿದಳು.

"ನೀವು ಅದೀರಲ್ಲ."