ಏರ್ ಫಿಲ್ಟರ್ ಹಾಕಿಸಲೋ ಬೇಡವೋ

ನಮ್ಮ ಚಿಕ್ಕಪ್ಪನವರು ಹುಟ್ಟುವುದಕ್ಕೇ ತಡಮಾಡಿದವರು. ಡಾಕ್ಟರು ಕೊಟ್ಟ ತಾರೀಖು ದಾಟಿ, ಅದರ ಮೇಲೊಂದು ಏಕಾದಶಿಯೂ ದಾಟಿ, ಆಸ್ಪತ್ರೆಯ ವರಾಂಡದಲ್ಲಿ ಕಾದು ಕಾದು ಸಾಕಾದ ಬಂಧುಗಳೆಲ್ಲ ಊಟಕ್ಕೆಂದು ಮನೆಗೆ ಹೋದ ಮೇಲೆ ನಿಧಾನವಾಗಿ ಹೊರಗೆ ಬಂದರಂತೆ. "ಹೊಟ್ಟೆಯೊಳಗೇ ಯೋಚನೆ ಮಾಡ್ತಿದ್ದ, ಬರ್ಲೋ ಬೇಡ್ವೋ ಅಂತ" ಎಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು. ಚಿಕ್ಕಪ್ಪ ಪಕ್ಕದಲ್ಲೇ ಸುಮ್ಮನೆ ಕೂತಿರುತ್ತಿದ್ದರು. ಅದನ್ನು ಒಪ್ಪಿಕೊಳ್ಳಬೇಕೋ ಅಲ್ಲಗಳೆಯಬೇಕೋ ಎಂಬುದು ಅವರಿಗೆ ಇನ್ನೂ ತೀರ್ಮಾನವಾಗಿರಲಿಲ್ಲ!

ಆಗ ನಾವೆಲ್ಲ ಚಾಮರಾಜಪೇಟೆಯ ಒಂದೇ ಮನೆಯಲ್ಲಿದ್ದೆವು. ಅಜ್ಜಿ, ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ, ಆಗಷ್ಟೇ ಕಾಲೇಜು ಸೇರಿದ್ದ ನಾನು. ಚಿಕ್ಕಪ್ಪ ಬ್ಯಾಂಕಿನಲ್ಲಿ ಗುಮಾಸ್ತರು. ಬೇರೆಯವರ ಹಣವನ್ನು ಚಕಚಕನೆ ಎಣಿಸಿ ಕೊಡುತ್ತಿದ್ದರಂತೆ. ತಮ್ಮ ಸ್ವಂತ ವಿಷಯ ಬಂದರೆ ಮಾತ್ರ ಕೈ ಕಾಲು ಎರಡೂ ಓಡದು. ಗಾಂಧಿ ಬಜಾರಿನ ಹೋಟೆಲಿಗೆ ನನ್ನನ್ನು ಕರೆದುಕೊಂಡು ಹೋದರೆ ಮಾಣಿ ಇದ್ದಬದ್ದ ತಿಂಡಿಯೆಲ್ಲ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದ. ಇವರು ಖಾಲಿ ದೋಸೆಗೂ ಮಸಾಲೆ ದೋಸೆಗೂ ಇರುವ ಸಾಧಕ ಬಾಧಕಗಳನ್ನು ತೂಗಿ ತಲೆಯೆತ್ತುವ ಹೊತ್ತಿಗೆ ಎರಡೂ ಮುಗಿದಿರುತ್ತಿದ್ದವು. ಹಾಗಾಗಿ ನಮ್ಮ ಪಾಲಿಗೆ ಯಾವಾಗಲೂ ಉದ್ದಿನ ವಡೆ. ಚಿಕ್ಕಪ್ಪನಿಗೆ ಉದ್ದಿನ ವಡೆ ಸೇರುವುದಿಲ್ಲ.

ಹಾಗಾದರೆ ಇಂಥವರಿಗೆ ಮದುವೆ ಹೇಗಾಯಿತು ಎಂದು ನೀವು ಕೇಳಬಹುದು. ಹೆಣ್ಣು ನೋಡಲು ಹೋದ ದಿನವೇ ಚಿಕ್ಕಮ್ಮ ಒಳಗೆ ಹೋಗಿ ತಮ್ಮ ಒಪ್ಪಿಗೆ ತಿಳಿಸಿಬಿಟ್ಟಿದ್ದರು. ಆ ಹೊತ್ತಿಗೆ ಚಿಕ್ಕಪ್ಪ ಇನ್ನೂ ಉಪ್ಪಿಟ್ಟು ಸಾಕೆನ್ನಬೇಕೋ ಬೇಕೆನ್ನಬೇಕೋ ಎಂಬಲ್ಲೇ ಇದ್ದರು.

ಇವರ ಹತ್ತಿರ ಒಂದು ಮೋಟಾರ್ ಬೈಕಿತ್ತು. ಬೈಕನ್ನು ಆರಿಸಿದ್ದು ನಮ್ಮಪ್ಪ, ಬಣ್ಣ ಆರಿಸಿದ್ದು ಚಿಕ್ಕಮ್ಮ. ಚಿಕ್ಕಪ್ಪ ತಾವೇ ಆರಿಸಿದ್ದು ಹೆಲ್ಮೆಟ್ಟು ಮಾತ್ರ, ಅದನ್ನೂ ಮಾರನೆಯ ದಿನ ಹೋಗಿ ಬದಲಾಯಿಸಿಕೊಂಡು ಬಂದರು. ಬೈಕಿನ ಮೇಲಂತೂ ಅವರಿಗೆ ಪ್ರಾಣ. ಭಾನುವಾರ ಬೆಳಿಗ್ಗೆ ಹಳೆಯ ಬನಿಯನ್ ಬಟ್ಟೆ ಹಿಡಿದು ಚಕ್ರದ ಒಂದೊಂದು ಕಡ್ಡಿಯನ್ನೂ ಒರೆಸುತ್ತಿದ್ದರು. ಆದರೆ ಓಡಿಸುವ ರೀತಿಯೇ ಬೇರೆ. ನಮ್ಮ ಕ್ರಾಸಿನ ತಿರುವಿನಲ್ಲಿ ಒಂದು ಹೊಂಗೆಮರವಿತ್ತು. ಅಲ್ಲಿಗೆ ಬಂದರೆ ಸಾಕು, ವೇಗ ತಗ್ಗಿಸಿ, ಕಾಲು ನೆಲಕ್ಕೂರಿ ನಿಂತುಬಿಡುತ್ತಿದ್ದರು. ಎದುರಿಗೆ ಬರುವ ತರಕಾರಿ ಗಾಡಿಯವನಿಗೆ ನೀವು ಹೋಗಿ ಎಂದು ಕೈ ತೋರುವರು. ಅವನು ನೀವೇ ಹೋಗಿ ಸಾರ್ ಎನ್ನುವನು. ಸರಿ ಎಂದು ಇವರು ಹೊರಟರೆ ಅವನೂ ಹೊರಡುವನು, ಇಬ್ಬರೂ ಮತ್ತೆ ನಿಲ್ಲುವರು. ಅಷ್ಟರಲ್ಲಿ ಯಾರ ಅಪ್ಪಣೆಯನ್ನೂ ಕೇಳದ ಒಂದು ಹಸು ನಡುವೆ ದಾಟಿ ಹೋಗುವುದು. ಎದುರಿಗೆ ಯಾರೂ ಇಲ್ಲದಿದ್ದರೆ ಬಿಟ್ಟಾರೆಯೇ? ಬರುವವರಿದ್ದರೆ ಬರಲಿ ಎಂದು ಒಂದು ಗಳಿಗೆ ಕಾದೇ ಹೊರಡುವರು.

ಅಜ್ಜಿಗೆ ಆ ವೇಳೆಗೆ ಕಣ್ಣು ಪೂರಾ ಮಂಜಾಗಿತ್ತು. ಆಪರೇಷನ್ ಆದರೂ ದೃಷ್ಟಿ ಮರಳಿರಲಿಲ್ಲ. ಅದಕ್ಕೆ ಅವಳೇನೂ ಅಳುತ್ತ ಕೂರಲಿಲ್ಲ. ಬೀದಿ ಕಡೆಯ ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು, ಮಡಿಲಲ್ಲಿ ಅವರೆಕಾಯಿ ಸುಲಿಯುತ್ತ, ಕೇಳಿಸಿದ್ದರಲ್ಲೇ ಇಡೀ ಬೀದಿಯ ಯಜಮಾನಿಕೆ ನಡೆಸುತ್ತಿದ್ದಳು. ಸಂಜೆ ಚಿಕ್ಕಪ್ಪ ಇನ್ನೂ ತಿರುವಿನಲ್ಲಿರುವಾಗಲೇ "ಬಂದ, ಕಾವಲಿ ಇಡೇ" ಎಂದು ಚಿಕ್ಕಮ್ಮನಿಗೆ ಹೇಳುತ್ತಿದ್ದಳು. ಗೇಟು ಕಿರುಗುಟ್ಟುವುದು ಅದಾದ ಮೇಲೆ. ಚಿಕ್ಕಪ್ಪ ಕೈಕಾಲು ತೊಳೆದು ಕೂರುವುದಕ್ಕೂ ಮೊದಲ ದೋಸೆ ತಟ್ಟೆಗೆ ಬೀಳುವುದಕ್ಕೂ ಸರಿಹೋಗುತ್ತಿತ್ತು. ಮೊಬೈಲು ಇನ್ನೂ ಜೇಬಿಗೆ ಬಂದಿರದ ಆ ಕಾಲದಲ್ಲಿ ನಮ್ಮ ಮನೆ ನಡೆಯುತ್ತಿದ್ದದ್ದು ಅಜ್ಜಿಯ ಕಿವಿಯಿಂದ.

ಹೀಗಿರುವಾಗ ಚಿಕ್ಕಪ್ಪನಿಗೆ ಏರ್ ಫಿಲ್ಟರಿನ ಹುಚ್ಚು ಹತ್ತಿತು. ಬ್ಯಾಂಕಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ತನ್ನ ಬೈಕಿನ ಕಂಪನಿ ಫಿಲ್ಟರ್ ತೆಗೆಸಿ ಹೊರಗಿನದೊಂದನ್ನು ಹಾಕಿಸಿದ್ದನಂತೆ. ಅವನ ಗಾಡಿ ಈಗ ಗಾಳಿಯಂತೆ ಹೋಗುತ್ತದಂತೆ. ಅದನ್ನು ಹೇಳುವಾಗ ಚಿಕ್ಕಪ್ಪನ ಮುಖ ನೋಡಬೇಕಿತ್ತು! ಜೀವನದಲ್ಲಿ ಅವರು ಬಾಯಿಬಿಟ್ಟು ತಮಗೆ ಬೇಕೆಂದದ್ದು ಅದೊಂದನ್ನೇ. ಮರುದಿನವೇ ನನ್ನನ್ನು ಹಿಂದೆ ಕೂರಿಸಿಕೊಂಡು ಕಲಾಸಿಪಾಳ್ಯದ ಕಡೆಯ ಬಿಡಿಭಾಗಗಳ ಅಂಗಡಿಗೆ ಹೊರಟರು.

ಅಂಗಡಿಯವರು ಕೆಂಪು ಬಣ್ಣದ, ಗೋಪುರದ ಆಕಾರದ ಒಂದು ಫಿಲ್ಟರನ್ನು ಮುಂದಿಟ್ಟರು. ಗಾಳಿ ಜಾಸ್ತಿ ಎಳೆದುಕೊಳ್ಳುತ್ತದೆ, ಪಿಕಪ್ ಬರುತ್ತದೆ, ಸೌಂಡು ಕೂಡ ಬದಲಾಗಿ ಗಂಭೀರವಾಗುತ್ತದೆ ಎಂದರು.

"ಸೌಂಡು ಬದಲಾಗತ್ತಾ?" ಎಂದರು ಚಿಕ್ಕಪ್ಪ.

"ಗ್ಯಾರಂಟಿ ಸಾರ್. ನಿಮ್ಮ ಗಾಡಿ ಅಂತ ನಿಮಗೇ ಗೊತ್ತಾಗಲ್ಲ."

ಚಿಕ್ಕಪ್ಪ ಅದನ್ನೇ ತಿರುಗಿಸಿ ಮುರುಗಿಸಿ ಮತ್ತೆ ಮತ್ತೆ ಕೇಳಿದರು. ಪೂರ್ತಿ ಬದಲಾಗುತ್ತದೆಯೋ ಸ್ವಲ್ಪ ಬದಲಾಗುತ್ತದೆಯೋ, ದೂರದಿಂದಲೂ ಗೊತ್ತಾಗುತ್ತದೆಯೋ ಎಂದೆಲ್ಲ ವಿಚಾರಿಸಿದರು. ಆಮೇಲೆ ಫಿಲ್ಟರನ್ನು ಕೈಯಲ್ಲಿ ಹಿಡಿದು ಧ್ಯಾನಕ್ಕೆ ಕೂತರು. ಬೇರೆ ಗಿರಾಕಿಗಳು ಬಂದರು, ಹೋದರು. ಕೊನೆಗೆ ಅಂಗಡಿಯವರೇ ಬೇಸತ್ತು ಅದನ್ನು ಕಾಗದದಲ್ಲಿ ಸುತ್ತಿ ಇವರ ಚೀಲಕ್ಕೆ ಹಾಕಿದರು. ಬೇಡ ಎನ್ನುವುದಕ್ಕಾದರೂ ಒಂದು ನಿರ್ಧಾರ ಬೇಕಲ್ಲ! ಚಿಕ್ಕಪ್ಪ ದುಡ್ಡು ಕೊಟ್ಟು ಹೊರಗೆ ಬಂದರು.

ಅಲ್ಲಿಂದ ಶುರುವಾಯಿತು ನೋಡಿ ಅಭಿಪ್ರಾಯ ಸಂಗ್ರಹ. ಎದುರು ಮನೆಯ ನಿವೃತ್ತ ಎಂಜಿನಿಯರು, ಗಾಳಿಯ ಜೊತೆ ಧೂಳೂ ಒಳಗೆ ಹೋದೀತು ಎಂದು ಹೆದರಿಸಿದರು. ಪುರೋಹಿತರು ಬುಧವಾರ ಒಳ್ಳೆಯದು ಎಂದರು, ಆದರೆ ಯಾವ ಬುಧವಾರ ಎಂದು ಹೇಳಲು ಮರೆತರು. ಮೆಕ್ಯಾನಿಕ್ ಮುನಿರಾಜು, ಊರೊಳಗೆ ಓಡಾಡುವ ಗಾಡಿಗೆ ಕಂಪನಿ ಫಿಲ್ಟರೇ ಸಾಕು, ಆಸೆಯಿದ್ದರೆ ಕಾರ್ಬೊರೇಟರ್ ಸರಿಮಾಡಿ ಹಾಕಿಕೊಡುತ್ತೇನೆ ಎಂದ. ನೆಗಡಿಗೆಂದು ಡಾಕ್ಟರ ಹತ್ತಿರ ಹೋದಾಗಲೂ ಫಿಲ್ಟರ್ ಚೀಲದಲ್ಲಿತ್ತು. ಉಸಿರು ಜಾಸ್ತಿ ಎಳೆದುಕೊಂಡರೆ ಒಳ್ಳೆಯದೋ ಕೆಟ್ಟದ್ದೋ ಎಂದು ಇವರು ಕೇಳಿದರು. ಬಿಸಿನೀರಿನ ಹಬೆ ತೆಗೆದುಕೊಳ್ಳಿ ಎಂದರು ಡಾಕ್ಟರು. "ಗಾಡಿಗಾ?" ಎಂದು ಚಿಕ್ಕಪ್ಪ ಕೇಳಿದರಂತೆ. ಡಾಕ್ಟರು ಅಂದು ರಕ್ತದೊತ್ತಡವನ್ನೂ ನೋಡಿ ಕಳಿಸಿದರು.

ಹೀಗೆ ಫಿಲ್ಟರು ನಡುಮನೆಯ ಷೋಕೇಸಿನಲ್ಲಿ ನೆಲೆಯಾಯಿತು. ನವರಾತ್ರಿ ಬಂದಾಗ ಚಿಕ್ಕಮ್ಮ ಅದನ್ನು ಗೊಂಬೆಗಳ ಸಾಲಿನಲ್ಲಿಟ್ಟು, ಮುಂದೆ ಎರಡು ಮಣ್ಣಿನ ಆನೆ ನಿಲ್ಲಿಸಿ, ದೇವಸ್ಥಾನ ಮಾಡಿಬಿಟ್ಟರು. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರೆಲ್ಲ ಗೋಪುರ ಬಲು ಚೆನ್ನಾಗಿದೆ, ಚನ್ನಪಟ್ಟಣದ್ದೇ ಎಂದು ಕೇಳಿದರು. ಚಿಕ್ಕಮ್ಮ ಮುಖದ ಗೆರೆ ಅಲುಗಿಸದೆ, ಅಲ್ಲ, ಕಲಾಸಿಪಾಳ್ಯದ್ದು ಎಂದರು.

ಈ ಕಥೆ ಮುನಿರಾಜುವಿನ ಕಿವಿಗೂ ಬಿತ್ತು. ಹಬ್ಬ ಮುಗಿದ ಭಾನುವಾರ ಅವನೇ ಮನೆಗೆ ಬಂದ. ಯೋಚನೆ ಮಾಡಿದ್ದು ಸಾಕು, ಒಂದು ಸಲ ಹಾಕಿ ನೋಡಿ, ಬೇಡವಾದರೆ ತೆಗೆದರಾಯಿತು ಎಂದು ಬೈಕನ್ನೂ ಚಿಕ್ಕಪ್ಪನನ್ನೂ ಒಟ್ಟಿಗೆ ತಳ್ಳಿಕೊಂಡು ಹೋದ. ನಾವೆಲ್ಲ ಗೇಟಿನ ಬಳಿ ಕಾದು ನಿಂತೆವು. ಸ್ವಲ್ಪ ಹೊತ್ತಿಗೆ ಬೀದಿಯ ಕಾಗೆಗಳೆಲ್ಲ ಹಾರುವಂಥ ಗರ್ಜನೆ ಕೇಳಿಸಿತು. ಬೈಕು ಹೊಂಗೆಮರದ ತಿರುವನ್ನು ಸರಕ್ಕನೆ ದಾಟಿ ಬಂದು ಮನೆ ಮುಂದೆ ನಿಂತಿತು. ಮುಂದೆ ಮುನಿರಾಜು, ಹಿಂದೆ ಅವನ ಸೊಂಟ ಅವುಚಿಕೊಂಡು ಚಿಕ್ಕಪ್ಪ! ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅವರು ನಮ್ಮ ಯಾರನ್ನೂ ಮಾತಾಡಿಸದೆ, ಚಪ್ಪಲಿ ಬಿಟ್ಟು, ಬೆಕ್ಕಿನ ಹೆಜ್ಜೆ ಇಟ್ಟುಕೊಂಡು ಕಿಟಕಿಯ ಪಕ್ಕ ಕೂತಿದ್ದ ಅಜ್ಜಿಯ ಕಡೆಗೆ ಹೋದರು. ಯಾರೋ ಒಳಗೆ ಬಂದದ್ದು ಅಜ್ಜಿಗೆ ತಿಳಿಯಿತು.

"ಯಾರು? ಅವನು ಮನೇಲಿಲ್ಲ. ಇನ್ನೇನು ಬರ್ತಾನೆ, ಕೂತ್ಕೊಳಿ" ಎಂದಳು.

ಚಿಕ್ಕಪ್ಪ ಕೂರಲಿಲ್ಲ. ಬಂದ ಹಾಗೆಯೇ ಹೊರಗೆ ಹೋದರು. ಬೈಕಿಗೆ ಮತ್ತೆ ಕಂಪನಿ ಫಿಲ್ಟರು ಬಂತು, ಗೋಪುರ ಷೋಕೇಸಿಗೆ ಮರಳಿತು. ಕೇಳಿದವರಿಗೆಲ್ಲ ಧೂಳು ಜಾಸ್ತಿ ಎಂದು ಹೇಳತೊಡಗಿದರು. ಎದುರು ಮನೆಯ ಎಂಜಿನಿಯರು ತಮ್ಮ ಮಾತೇ ಗೆದ್ದಿತೆಂದು ಬೀಗಿದರು. ನನಗೇಕೋ ನಂಬಿಕೆ ಬರಲಿಲ್ಲ. ಅದೇ ವಾರ ಜಗಲಿಯ ಮೇಲೆ ಚಿಕ್ಕಪ್ಪ ಒಬ್ಬರೇ ಕೂತಿದ್ದಾಗ, ಅಷ್ಟು ಆಸೆಪಟ್ಟು ಯಾಕೆ ತೆಗೆಸಿದಿರಿ ಎಂದು ಕೇಳಿದೆ.

"ಅಮ್ಮನ ಕಣ್ಣಿಂದ ನಾನು ಯಾವಾಗ್ಲೋ ಹೋದೆ, ಪುಟ್ಟಿ" ಎಂದರು. "ಇನ್ನು ಉಳಿದಿದ್ದು ಕಿವಿ. ಒಂದು ಫಿಲ್ಟರ್‌ಗೋಸ್ಕರ ಅಲ್ಲಿಂದಾನೂ ಹೋಗ್ಲಾ?"

ಅಂಗಡಿಯಲ್ಲಿ ಅವರು ಸೌಂಡಿನ ವಿಷಯ ಯಾಕೆ ಅಷ್ಟು ಕೆದಕಿದರು ಎಂಬುದು ನನಗೆ ಆಗ ಅರ್ಥವಾಯಿತು. ಧೂಳು, ಮುಹೂರ್ತ, ಡಾಕ್ಟರು, ಎಲ್ಲವೂ ನೆಪ. ಎಲ್ಲರೂ ನಗುವುದಕ್ಕೆ ಬಿಟ್ಟು, ತಿಂಗಳುಗಟ್ಟಲೆ ಈ ಒಂದೇ ಭಯವನ್ನು ಒಳಗಿಟ್ಟುಕೊಂಡು ಓಡಾಡಿದ್ದರು. ಗುಟ್ಟು ಕಾಪಾಡುವ ಗುಣ ನನಗೆ ಮೊದಲೇ ಇಲ್ಲ, ಎದ್ದು ನೇರವಾಗಿ ಅಜ್ಜಿಯ ಹತ್ತಿರ ಹೋಗಿ ಎಲ್ಲ ಹೇಳಿಬಿಟ್ಟೆ.

ಅಜ್ಜಿ ಪೂರ್ತಿ ಕೇಳಿಸಿಕೊಂಡು, ಅವತ್ತು ಗಾಡಿ ಓಡಿಸಿದ್ದು ಯಾರು ಎಂದು ಕೇಳಿದಳು. ಮುನಿರಾಜು ಎಂದೆ. ಅಷ್ಟೇ, ಅವಳಿಗೆ ನಗು ತಡೆಯಲಾಗಲಿಲ್ಲ. ಮಡಿಲಿನ ಅವರೆಕಾಳೆಲ್ಲ ನೆಲಕ್ಕೆ ಚೆಲ್ಲಿತು. ಮಗನನ್ನು ಕೂಗಿ ಕರೆಸಿ, ಹತ್ತಿರ ಕೂರಿಸಿಕೊಂಡು, ಅವರ ಮುಖವನ್ನು ಕೈಯಿಂದ ತಡವಿದಳು.

"ನಿನ್ನ ಗಾಡಿ ಸದ್ದು ಕಟ್ಕೊಂಡು ನಂಗೇನೋ? ಬೀದೀಲಿ ಅಂಥ ಸದ್ದು ಮಾಡೋ ಗಾಡಿ ಎಷ್ಟಿಲ್ಲ? ತಿರುವಿಗೆ ಬಂದು, ಹೋಗ್ಲೋ ಬೇಡ್ವೋ ಅಂತ ನಿಂತು, ಹೊರಟು, ಮತ್ತೆ ನಿಲ್ಲೋನು ಈ ಊರಿಗೆಲ್ಲ ನೀನೊಬ್ನೇ. ಅವತ್ತು ಬಂದ ಗಾಡಿ ಅಲ್ಲಿ ನಿಲ್ಲಲೇ ಇಲ್ವಲ್ಲೋ. ನೀನು ಹೊಟ್ಟೇಲಿದ್ದಾಗಿಂದ ನಿನ್ನನ್ನ ನಾನು ಹಾಗೇ ಗುರುತು ಹಿಡಿದಿರೋದು. ಹೋಗು, ಹಾಕಿಸ್ಕೊಂಡು ಬಾ."

ಚಿಕ್ಕಪ್ಪ ಎದ್ದರು. ಷೋಕೇಸಿನಿಂದ ಗೋಪುರ ತೆಗೆದುಕೊಂಡರು. ಎಂಜಿನಿಯರನ್ನು ಕೇಳಲಿಲ್ಲ, ಪುರೋಹಿತರನ್ನು ಕೇಳಲಿಲ್ಲ, ಅವತ್ತು ಯಾವ ವಾರ ಎಂದೂ ನೋಡಲಿಲ್ಲ. ನಾನು ನೆಲದ ಮೇಲಿನ ಅವರೆಕಾಳು ಆರಿಸುತ್ತ ಅಜ್ಜಿಯ ಕಾಲ ಬಳಿ ಕೂತೆ. ಚಿಕ್ಕಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

ಸಂಜೆಯ ಹೊತ್ತಿಗೆ ದೂರದಲ್ಲಿ ಆ ಗರ್ಜನೆ ಕೇಳಿಸಿತು. ಹತ್ತಿರ ಬಂತು. ಹೊಂಗೆಮರದ ಬಳಿ ತಗ್ಗಿ, ನಿಂತಿತು. ಹೊರಟಿತು. ಮತ್ತೆ ನಿಂತಿತು. "ನೀವೇ ಹೋಗಿ ಸಾರ್" ಎಂದು ಯಾರೋ ಹೇಳಿದ್ದು ಕೇಳಿಸಿತು.

"ಬಂದ, ಕಾವಲಿ ಇಡೇ" ಎಂದಳು ಅಜ್ಜಿ.